ಬಣ್ಣ ಹಿಡಿಯುವ ಮಣಿಗಳು

ಹೊಸಪೇಟೆಯಿಂದ ಸಂಡೂರಿನ ಕಡೆ ಹೊರಟರೆ ರಸ್ತೆ ಬದಿಯ ಎಲೆಗಳ ಮೇಲೆಲ್ಲ ಅದಿರಿನ ಕೆಂಪು ದೂಳು. ಗುಡ್ಡಗಳ ನಡುವಿನ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಕಾಲೊರೆಸಿಕೊಂಡು ಹೋದೆ.

ಮೊದಲ ಮೇಜಿನಲ್ಲಿ ಸೋಡಿಯಂ ಆಲ್ಜಿನೇಟ್ ಇತ್ತು. ಕಂದು ಕಡಲಪಾಚಿಯಿಂದ ತೆಗೆಯುವ ಪಾಲಿಮರ್ ಇದು. ನೀರಿಗೆ ಹಾಕಿ ಕಲಕಿದರೆ ಅಂಟಂಟಾಗುತ್ತದೆ. ವಿದ್ಯಾರ್ಥಿನಿಯೊಬ್ಬರು ಅದನ್ನು ಸಿರಿಂಜಿಗೆ ತುಂಬಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರು. ಹನಿ ಬಿದ್ದದ್ದೇ ತಡ, ಮಣಿಯಾಯಿತು! ಕ್ಯಾಲ್ಸಿಯಂ ಪಾಲಿಮರಿನ ಉದ್ದನೆಯ ಎಳೆಗಳನ್ನು ಅಲ್ಲಲ್ಲಿ ಗಂಟು ಹಾಕಿ ಬಲೆ ಹೆಣೆಯುತ್ತದೆ. ಒಂದನ್ನು ಒತ್ತಿ ನೋಡಿದೆ. ನೆನೆದ ಸಾಬಕ್ಕಿಯಂತೆ ಬೆರಳಿನಿಂದ ಜಾರಿತು. ಅದರ ಬಹುಪಾಲು ನೀರೇ; ಇಂಥದ್ದನ್ನು ಹೈಡ್ರೋಜೆಲ್ ಎನ್ನುತ್ತಾರೆ.

ಪಕ್ಕದಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿದ ನೀರು. ಮಣಿಗಳನ್ನು ಹಾಕಿ ಶೇಕರ್ ಮೇಲಿಟ್ಟರು. ಚಹಾ ಕುಡಿದು ಬರುವಷ್ಟರಲ್ಲಿ ಮಣಿಗಳು ಕಡುನೀಲಿಯಾಗಿದ್ದವು, ನೀರು ತಿಳಿಯಾಗತೊಡಗಿತ್ತು. ಈ ಬಣ್ಣಕ್ಕೆ ಧನ ಆವೇಶ, ಆಲ್ಜಿನೇಟಿನ ಕಾರ್ಬಾಕ್ಸಿಲ್ ಗುಂಪಿಗೆ ಋಣ ಆವೇಶ, ಹಾಗಾಗಿ ಎರಡೂ ಅಂಟಿಕೊಳ್ಳುತ್ತವೆ. ಬಣ್ಣ ಪೂರ್ತಿ ಹೋಯಿತೋ ಇಲ್ಲವೋ ನನ್ನ ಕಣ್ಣಿಗೆ ತಿಳಿಯಲಿಲ್ಲ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 664 ನ್ಯಾನೋಮೀಟರಿನ ಬೆಳಕು ಹಾಯಿಸಿದಾಗ ಸ್ವಲ್ಪ ಉಳಿದಿರುವುದು ಕಂಡಿತು.

ಕಿಟಕಿಯ ಬಳಿ ಕಾಂಗೋ ರೆಡ್ ಎಂಬ ಬಣ್ಣ ಕರಗಿಸಿದ ನೀರು. ಮಣಿಗಳು ಅವೇ, ಆದರೂ ನೀರಿನ ಕೆಂಪು ಹಾಗೇ ಇತ್ತು. ಈ ಬಣ್ಣಕ್ಕೂ ಋಣ ಆವೇಶವಾದ್ದರಿಂದ ಆಲ್ಜಿನೇಟ್ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಇದಕ್ಕೆ ಸೀಗಡಿ, ಏಡಿಯ ಚಿಪ್ಪಿನಿಂದ ತಯಾರಿಸುವ ಕೈಟೋಸಾನ್ ಬೇಕು. ನಾನು ಹೆಚ್ಚು ಹೊತ್ತು ನಿಂತದ್ದು ಇಲ್ಲೇ. ಒಂದೊಂದೇ ಬಣ್ಣಕ್ಕೆ ಹೀಗಾದರೆ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಬಟ್ಟೆ ತೊಳೆದ ನೀರನ್ನು ನೆನೆಸಿಕೊಳ್ಳಿ. ನೀರಿನಲ್ಲಿ ಕರಗದ ಇಂಡಿಗೋ, ಉಪ್ಪು, ಬ್ಲೀಚ್, ಪ್ಯೂಮಿಸ್ ಕಲ್ಲಿನ ಪುಡಿ ಎಲ್ಲ ಅದರಲ್ಲಿ ಬೆರೆತಿರುತ್ತವೆ. ಉಪ್ಪಿನ ಸೋಡಿಯಂ ಮಣಿಯೊಳಗಿನ ಕ್ಯಾಲ್ಸಿಯಂ ಅನ್ನು ಹೊರದೂಡಿ ಮಣಿಯನ್ನೇ ಸಡಿಲ ಮಾಡುತ್ತದೆ. ಶುದ್ಧ ನೀರಿನಲ್ಲಿ ಒಂದೇ ಬಣ್ಣ ಕರಗಿಸಿ ಪಡೆದ ಫಲಿತಾಂಶ ಅಲ್ಲಿಯೂ ಹಾಗೇ ಸಿಗುತ್ತದೆಂದು ನಂಬುವುದು ಕಷ್ಟ.

ಕೊನೆಯ ಮೇಜಿನಲ್ಲಿ ನೀಲಿ ಮಣಿಗಳನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರು. ಮಣಿಗಳು ಬಣ್ಣ ಬಿಟ್ಟವು. ತೊಳೆದು, ಮತ್ತೆ ಕ್ಯಾಲ್ಸಿಯಂ ದ್ರಾವಣದಲ್ಲಿ ಅದ್ದಿ ಇನ್ನೊಮ್ಮೆ ಬಳಸಬಹುದು. ಎಷ್ಟು ಸಲ ತಾಳುತ್ತವೋ, ನನಗೆ ಖಚಿತವಿಲ್ಲ. ಆದರೆ ಆಮ್ಲದ ಬೀಕರಿನಲ್ಲಿ ಈಗ ಮೊದಲಿಗಿಂತ ದಟ್ಟವಾದ ನೀಲಿ! ಹೈಡ್ರೋಜೆಲ್ ಮಾಡಿದ್ದು ಇಷ್ಟು: ಹೆಚ್ಚು ನೀರಿನಲ್ಲಿ ಹರಡಿದ್ದ ಬಣ್ಣವನ್ನು ಒಂದು ಬೀಕರಿಗೆ ಇಳಿಸಿತು. ಅದೇನೂ ಸಣ್ಣ ಕೆಲಸವಲ್ಲ. ಹಂಪಿ, ಕಂಪ್ಲಿಯ ಗದ್ದೆಗಳಿಗೆ ತುಂಗಭದ್ರೆಯ ನೀರೇ ಆಧಾರವಾಗಿರುವ ಈ ಸೀಮೆಯಲ್ಲಂತೂ ಅದು ಬೇಕೇ ಬೇಕು. ಆದರೆ ಇಂಥ ಜೆಲ್ ಬಗ್ಗೆ ಯಾರಾದರೂ ಹೇಳಿದರೆ, ಎಷ್ಟು ಬಣ್ಣ ಹಿಡಿಯಿತು ಎಂದು ಕೇಳಿ ಸುಮ್ಮನಾಗಬೇಡಿ. ಹಿಡಿದ ಬಣ್ಣವನ್ನು ಎಲ್ಲಿ ಹಾಕುತ್ತೀರಿ ಎಂದೂ ಕೇಳಿ.