ಹಳೆಯ ರೋಗ ವಾಸಿಯಾದರೂ ರಕ್ತ ಪರೀಕ್ಷೆ ‘ಪಾಸಿಟಿವ್’: ಗಾಬರಿ ಬೇಡ

ಸಾಂತಾಕ್ರೂಜ್: ಸಂಘ ಸಂಸ್ಥೆಗಳ ರಕ್ತದಾನ ಶಿಬಿರವಿರಲಿ, ಗರ್ಭಿಣಿಯರ ತಪಾಸಣೆಯಿರಲಿ, ಗಲ್ಫ್ ಉದ್ಯೋಗದ ಮೆಡಿಕಲ್ ಇರಲಿ, ಸಿಫಿಲಿಸ್ ಎಂಬ ಲೈಂಗಿಕ ರೋಗಕ್ಕೂ ರಕ್ತ ಪರೀಕ್ಷಿಸಲಾಗುತ್ತದೆ. ಹಿಂದೆ ಪೆನಿಸಿಲಿನ್ ಪಡೆದು ಗುಣವಾದವರಿಗೂ ‘ಪಾಸಿಟಿವ್’ ಬಂದು ಮನೆಯಲ್ಲಿ ಸಂಶಯ, ಮನಸ್ತಾಪ ಹುಟ್ಟುವುದುಂಟು.

ಟಿಪಿಎಚ್‌ಎ ಪರೀಕ್ಷೆ ಗುರುತಿಸುವುದು ರೋಗಾಣುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಇವು ಹೆಚ್ಚಿನವರಲ್ಲಿ ಜೀವನಪರ್ಯಂತ ಉಳಿಯುತ್ತವೆ. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಪ್ರಮಾಣ ನೋಡಬೇಕು. 1:32 ಇದ್ದದ್ದು 1:8ಕ್ಕೆ ಇಳಿದರೆ ಮದ್ದು ನಾಟಿದೆ ಎಂದರ್ಥ. ಕೆಲವರಲ್ಲಿ ಅಲ್ಪ ಪ್ರಮಾಣ ಹಾಗೆಯೇ ನಿಲ್ಲುತ್ತದೆ. ಮತ್ತೆ ನಾಲ್ಕು ಪಟ್ಟು ಏರಿದರೆ ಮಾತ್ರ ಹೊಸ ಸೋಂಕಿನ ಶಂಕೆ. ಒಮ್ಮೆ ಗುಣವಾದವರಿಗೂ ಈ ರೋಗ ಮರಳಿ ತಗಲಬಹುದು.

ಆದುದರಿಂದ ಹಳೆಯ ವರದಿ, ಚುಚ್ಚುಮದ್ದಿನ ಚೀಟಿಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸುವುದು ಒಳಿತು. ಸರಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಸಲಹೆ, ಚಿಕಿತ್ಸೆ ಉಚಿತ.