ಕಾರು ಹೊರಡದಿದ್ದಾಗ: ದೋಷ ಬ್ಯಾಟರಿಯದೇ, ತಂತಿಯದೇ?

ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಹೃದಯದ ಆರೈಕೆ ಮುಂತಾದ ವಿಷಯಗಳನ್ನು ಕುರಿತು ವೈದ್ಯರು ಬರೆಯುವುದು ವಾಡಿಕೆ. ಅವರ ನಡುವೆ ಬ್ಯಾಂಕಿನ ಅಧಿಕಾರಿಯೊಬ್ಬನು ಮೋಟಾರು ಕಾರಿನ ತಂತಿಗಳ ವಿಚಾರವನ್ನೆತ್ತುವುದು ಅಸಂಗತವೆಂದು ವಾಚಕರಿಗೆ ತೋರಬಹುದು. ನಾನು ವಾಣಿಜ್ಯಶಾಸ್ತ್ರ ಓದಿದವನು. ಜಮಾ-ಖರ್ಚಿನಿಂದಾಚೆಗೆ ನನಗೆ ಹೆಚ್ಚಿನ ವಿದ್ಯೆಯಿಲ್ಲ. ಆದರೂ ಈ ಲೇಖನಕ್ಕೆ ಒಂದು ಕಾರಣವುಂಟು. ಆ ಕಾರಣಕ್ಕೂ ಆರೋಗ್ಯಕ್ಕೂ ಸಂಬಂಧವಿಲ್ಲದೆ ಇಲ್ಲ.

ಎರಡು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳ ರಾತ್ರಿ; ಮುಂಬಯಿಯ ಮಳೆಯನ್ನು ಬಲ್ಲವರಿಗೆ ಅದರ ವರ್ಣನೆ ಅನಾವಶ್ಯಕ. ಎರಡು ಗಂಟೆಯ ಸುಮಾರಿಗೆ ನಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚಾಯಿತು. ಅವರನ್ನು ಹೇಗೋ ಕೆಳಗಿಳಿಸಿ, ಕಾರಿನಲ್ಲಿ ಕುಳ್ಳಿರಿಸಿ, ಬೀಗದಕೈ ತಿರುಗಿಸಿದೆನು. 'ಟಿಕ್' ಎಂಬ ಒಂದೇ ಸದ್ದು. ಮತ್ತೆ ತಿರುಗಿಸಿದೆನು, ಮತ್ತೆ 'ಟಿಕ್'. ದೀಪಗಳು ಪ್ರಖರವಾಗಿ ಉರಿಯುತ್ತಿದ್ದವು, ಹಾರನ್ ಮೊಳಗುತ್ತಿತ್ತು. ಎಂಜಿನ್ ಮಾತ್ರ ಅಲುಗಲಿಲ್ಲ. ಕೊನೆಗೆ ಮೂರನೆಯ ಮಹಡಿಯ ನೆರೆಯವರನ್ನು ಎಬ್ಬಿಸಿ, ಅವರ ಕಾರಿನಲ್ಲಿ ಆಸ್ಪತ್ರೆ ಸೇರಿದಾಗ ನಲವತ್ತು ನಿಮಿಷ ತಡವಾಗಿತ್ತು. ದೇವರ ದಯೆಯಿಂದ ತಾಯಿಯವರು ಚೇತರಿಸಿಕೊಂಡರು. ಆದರೆ ಆ ನಲವತ್ತು ನಿಮಿಷಗಳಲ್ಲಿ ಅವರು ನನ್ನ ಕೈಯನ್ನು ಹಿಡಿದುಕೊಂಡಿದ್ದ ಬಿಗಿಯನ್ನು ನಾನಿನ್ನೂ ಮರೆತಿಲ್ಲ.

ಸೋಜಿಗವೆಂದರೆ ಆ ಬ್ಯಾಟರಿ ಕೊಂಡು ಆರೇ ವಾರಗಳಾಗಿದ್ದವು. ಮರುದಿನ ಒಂದು ಗ್ಯಾರೇಜಿನವರು ಸ್ಟಾರ್ಟರ್ ಮೋಟಾರನ್ನೇ ಬದಲಿಸಬೇಕೆಂದರು. ಅಷ್ಟರಲ್ಲಿ ಸ್ನೇಹಿತರೊಬ್ಬರು ಕುಂದಾಪುರದ ಕಡೆಯ ವೃದ್ಧ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆತಂದರು. ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳ ರಿಪೇರಿಯಲ್ಲೇ ಆಯುಷ್ಯ ಕಳೆದವರು. ಅವರು ಮೀಟರ್ ಹಿಡಿದು ಹತ್ತು ನಿಮಿಷ ನೋಡಿ, "ಸಾಹೇಬರೇ, ಕೆರೆಯಲ್ಲಿ ನೀರುಂಟು, ಕಾಲುವೆ ಕಟ್ಟಿದೆ" ಎಂದರು. ಎಂಜಿನ್ನನ್ನೂ ಕಾರಿನ ಬಾಡಿಯನ್ನೂ ಕೂಡಿಸುವ ಹೆಣೆದ ತಾಮ್ರದ ಪಟ್ಟಿಯೊಂದು ಹಸಿರುಗಟ್ಟಿ, ಎಳೆ ಎಳೆಯಾಗಿ ತುಂಡಾಗಿತ್ತು. ಅದರ ಬೋಲ್ಟಿಗೆ ತುಕ್ಕು ಹಿಡಿದಿತ್ತು. ಕೆಲವು ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯಿತು. ಅವರಿಂದ ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ಇಲ್ಲಿ ನಿವೇದಿಸುತ್ತೇನೆ.

ಮೂರು ಅಂಗಗಳು

ಮೊದಲ ಕಾರುಗಳ ಎಂಜಿನ್ನನ್ನು ಕೈಹಿಡಿಯಿಂದ ತಿರುಗಿಸಬೇಕಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಆ ಕಷ್ಟ ಕ್ರಮೇಣ ತಪ್ಪಿತು. ಈ ವ್ಯವಸ್ಥೆಯಲ್ಲಿ ಮುಖ್ಯವಾದವು ಮೂರು: ವಿದ್ಯುತ್ತನ್ನು ಕೂಡಿಡುವ ಬ್ಯಾಟರಿ, ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರ್, ಇವೆರಡನ್ನೂ ಕೂಡಿಸುವ ದಪ್ಪ ತಂತಿಗಳು, ಅಂದರೆ ಕೇಬಲ್‌ಗಳು. ಸ್ಟಾರ್ಟರಿನ ಹೆಗಲ ಮೇಲೆ ಸಾಲಿನಾಯ್ಡ್ ಎಂಬ ಸ್ವಿಚ್ಚೊಂದು ಇರುತ್ತದೆ. ಬೀಗದಕೈ ತಿರುಗಿಸಿದಾಗ ಕೇಳುವ 'ಟಿಕ್' ಎಂಬ ಸದ್ದು ಅದರದು.

ವಿದ್ಯುತ್ತು ಬ್ಯಾಟರಿಯಿಂದ ಹೊರಟರೆ ಸಾಲದು. ಅದು ಹಿಂದಿರುಗಲೂ ಬೇಕು. ಧನ ತುದಿಯಿಂದ, ಮೆಕ್ಯಾನಿಕರ ಮಾತಿನಲ್ಲಿ 'ಪ್ಲಸ್'ನಿಂದ, ಕೆಂಪು ಕೇಬಲ್ಲಿನ ಮೂಲಕ ಸ್ಟಾರ್ಟರಿಗೆ ಹೋಗುತ್ತದೆ. ಅಲ್ಲಿಂದ ಎಂಜಿನ್ನಿನ ಲೋಹ, ಅರ್ಥಿಂಗ್ ಪಟ್ಟಿ, ಬಾಡಿ, ಕಪ್ಪು ಕೇಬಲ್, ಇವುಗಳ ಮೂಲಕ 'ಮೈನಸ್' ತುದಿಗೆ ಮರಳುತ್ತದೆ. ಎಂಜಿನ್ ರಬ್ಬರಿನ ಆಸರೆಗಳ ಮೇಲೆ ಕುಳಿತಿರುವುದರಿಂದ ಈ ಪಟ್ಟಿಯಿಲ್ಲದೆ ಮರಳುವ ದಾರಿಯಿಲ್ಲ. ದೀಪ, ಹಾರನ್‌ಗಳು ನೇರವಾಗಿ ಬಾಡಿಗೇ ಜೋಡಣೆಯಾಗಿರುತ್ತವೆ. ಪಟ್ಟಿಯ ಹಂಗು ಅವಕ್ಕಿಲ್ಲ. ಆ ರಾತ್ರಿ ದೀಪ ಉರಿದು ಎಂಜಿನ್ ತಿರುಗದಿದ್ದುದರ ರಹಸ್ಯ ಇದೇ.

ಲಕ್ಷಣಗಳು

ವೈದ್ಯರು ನಾಡಿ ನೋಡುವಂತೆ ಇಲ್ಲಿ ಸದ್ದನ್ನು ಕೇಳಬೇಕು. 'ಟಕ ಟಕ ಟಕ' ಎಂದು ಬೇಗ ಬೇಗ ಸದ್ದಾಗಿ ದೀಪಗಳು ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿ ಕುಂದಿದೆ ಅಥವಾ ಅದರ ತಲೆಯ ಕ್ಲ್ಯಾಂಪು ಸಡಿಲವಾಗಿದೆ ಎಂದರ್ಥ. ಒಂದೇ 'ಟಿಕ್' ಆಗಿ ದೀಪಗಳು ಮಂಕಾಗದಿದ್ದರೆ ಕೇಬಲ್, ಅರ್ಥಿಂಗ್, ಸಾಲಿನಾಯ್ಡ್ ಅಥವಾ ಸ್ಟಾರ್ಟರನ್ನು ಸಂಶಯಿಸಬೇಕು. ಯಾವ ಸದ್ದೂ ಇಲ್ಲದಿದ್ದರೆ ಬೀಗದ ಸ್ವಿಚ್, ರಿಲೇ, ಫ್ಯೂಸ್‌ಗಳನ್ನು ನೋಡಬೇಕು. ಆಟೊಮ್ಯಾಟಿಕ್ ಕಾರಾದರೆ ಗೇರು 'ಪಾರ್ಕ್' ಅಥವಾ 'ನ್ಯೂಟ್ರಲ್'ನಲ್ಲಿದೆಯೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು. ಮೋಟಾರ್ 'ಗುಂಯ್' ಎಂದು ತಿರುಗಿಯೂ ಎಂಜಿನ್ ತಿರುಗದಿದ್ದರೆ ಸ್ಟಾರ್ಟರಿನ ಹಲ್ಲುಚಕ್ರದ ದೋಷ.

ಲೆಕ್ಕ ಪರಿಶೋಧನೆ

ಸ್ವಸ್ಥವಾದ, ಪೂರ್ಣ ಚಾರ್ಜಾದ ಬ್ಯಾಟರಿಯು ಕೆಲವು ಗಂಟೆ ವಿಶ್ರಾಂತಿಯ ನಂತರ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.2 ಎಂದರೆ ಅರ್ಧ ಖಾಲಿಯಾಗಿದೆಯೆಂದು ತಿಳಿಯಬೇಕು. ಸ್ಟಾರ್ಟ್ ಮಾಡುವಾಗ ಇದು 9.6ಕ್ಕಿಂತ ಕೆಳಗಿಳಿಯಬಾರದು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಇರಬೇಕು.

ಸಣ್ಣ ಕಾರಿನ ಸ್ಟಾರ್ಟರಿಗೂ ನೂರು, ನೂರೈವತ್ತು ಆಂಪಿಯರ್ ವಿದ್ಯುತ್ತು ಬೇಕು. ದಾರಿಯಲ್ಲಿ ಕೇವಲ 0.02 ಓಮ್ ತಡೆಯಿದ್ದರೂ 150 ಆಂಪಿಯರ್ ಹರಿಯುವಾಗ 3 ವೋಲ್ಟ್ ಅಲ್ಲಿಯೇ ವ್ಯಯವಾಗುತ್ತದೆ. ಇಷ್ಟು ಅಲ್ಪ ತಡೆಯನ್ನು ಸಾಧಾರಣ ಮೀಟರ್ ನೇರವಾಗಿ ಅಳೆಯಲಾರದು. ಆದುದರಿಂದ ವಿದ್ಯುತ್ತು ಹರಿಯುತ್ತಿರುವಾಗಲೇ ಎಲ್ಲಿ ಎಷ್ಟು ಸೋರಿತು ಎಂದು ನೋಡಬೇಕು.

ಇದಕ್ಕೆ ಇಬ್ಬರು ಬೇಕು. ಗೇರನ್ನು ನ್ಯೂಟ್ರಲ್ಲಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಬೇಕು. ಒಬ್ಬರು ಬೀಗದಕೈ ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಗೂಟಕ್ಕೂ ಇನ್ನೊಂದನ್ನು ಸ್ಟಾರ್ಟರಿನ ದಪ್ಪ ಕೇಬಲ್ಲಿನ ಬೋಲ್ಟಿಗೂ ಹಿಡಿಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ದೋಷವಿದೆ. ಅನಂತರ ಮೈನಸ್ ಗೂಟಕ್ಕೂ ಸ್ಟಾರ್ಟರಿನ ಮೈಗೂ ಹಿಡಿಯಬೇಕು, ಇಲ್ಲಿ 0.3ನ್ನು ಮೀರಬಾರದು.

ನನ್ನ ಕಾರಿನ ತಃಖ್ತೆ ಹೀಗಿತ್ತು: ಆ ಕ್ಷಣದಲ್ಲಿ ಬ್ಯಾಟರಿ ಒದಗಿಸಿದ್ದು 11.8 ವೋಲ್ಟ್, ಪ್ಲಸ್ ದಾರಿಯಲ್ಲಿ ಹೋದದ್ದು 0.3, ಸ್ಟಾರ್ಟರಿಗೆ ದಕ್ಕಿದ್ದು 8.2, ಅರ್ಥಿಂಗ್ ದಾರಿಯಲ್ಲಿ ನಷ್ಟವಾದದ್ದು 3.3. ಎರಡೂ ಬದಿ ಸರಿಹೊಂದಿತು, ಕಳ್ಳನೂ ಸಿಕ್ಕಿದನು. ಖಾತೆಯಲ್ಲಿ ಹಣವಿದ್ದೂ ಅರ್ಧ ದಾರಿಯಲ್ಲಿ ಅಪಹಾರವಾದರೆ ಖಾತೆದಾರನನ್ನು ದೂರಿ ಫಲವೇನು?

ಇನ್ನೊಂದು ಸಂಗತಿ ಆಮೇಲೆ ಹೊಳೆಯಿತು. ಎಂಜಿನ್ನಿಗೆ ಅಂಟಿಕೊಂಡಿರುವ ಆಲ್ಟರ್ನೇಟರ್ ಬ್ಯಾಟರಿಗೆ ವಿದ್ಯುತ್ತನ್ನು ಜಮಾ ಮಾಡುವುದೂ ಇದೇ ಪಟ್ಟಿಯ ಮೂಲಕ. ಪಟ್ಟಿ ಕೆಟ್ಟರೆ ಖರ್ಚಿನ ಜೊತೆಗೆ ಜಮೆಯೂ ಕುಂಠಿತವಾಗುತ್ತದೆ. ನಾನು ಎಸೆದ ಹಳೆಯ ಬ್ಯಾಟರಿ ಅಪರಾಧಿಯಾಗಿರದೆ ಹಸಿದಿದ್ದ ನಿರಪರಾಧಿಯಾಗಿದ್ದಿರಬಹುದು.

ಚಿಕಿತ್ಸೆ

ಬ್ಯಾಟರಿಯ ಗೂಟಗಳ ಮೇಲೆ ಬಿಳಿಯ ಅಥವಾ ನೀಲಿ-ಹಸಿರು ಬೂಷ್ಟಿನಂಥ ಪುಡಿ ಕೂಡಿದ್ದರೆ ತೆಗೆಯತಕ್ಕದ್ದು. ಎಂಜಿನ್ ನಿಲ್ಲಿಸಿ ಮೊದಲು ಮೈನಸ್, ಅನಂತರ ಪ್ಲಸ್ ಕ್ಲ್ಯಾಂಪನ್ನು ಕಳಚಬೇಕು. ಮರಳಿ ಜೋಡಿಸುವಾಗ ಮೊದಲು ಪ್ಲಸ್, ಕಡೆಗೆ ಮೈನಸ್. ಈ ಕ್ರಮ ತಪ್ಪಿದರೆ ಪಾನಾ ಏಕಕಾಲಕ್ಕೆ ಪ್ಲಸ್ಸನ್ನೂ ಬಾಡಿಯನ್ನೂ ಮುಟ್ಟಿ ಭಾರೀ ಕಿಡಿ ಹಾರೀತು. ನೀರಿನಲ್ಲಿ ಅಡುಗೆ ಸೋಡಾ ಕದಡಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಒರೆಸಿ, ಮರಳು ಕಾಗದದಿಂದ ಹೊಳೆಯುವಂತೆ ಉಜ್ಜಬೇಕು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಕೂಡದು. ಬಿಗಿಯಾಗಿ ಜೋಡಿಸಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿದರೆ ತೇವ ತಗುಲದು.

ಅರ್ಥಿಂಗ್ ಜಾಗದಲ್ಲಿ ತುಕ್ಕನ್ನೂ ಬಣ್ಣವನ್ನೂ ಕೆರೆದು ಲೋಹವು ಲೋಹಕ್ಕೆ ಕೂಡುವಂತೆ ಮಾಡಬೇಕು. ಮೇಲಿನ ರಬ್ಬರು ಉಬ್ಬಿದ, ಗಡುಸಾದ, ತುದಿಯಲ್ಲಿ ಹಸಿರು ಕಾಣುವ ಕೇಬಲ್ ಒಳಗೇ ಕೊಳೆತಿದೆಯೆಂದು ತಿಳಿದು ಬದಲಿಸುವುದೇ ಮೇಲು. ಹೊಸದು ಮೂಲದಷ್ಟೇ ದಪ್ಪವಿರಬೇಕು; ತೆಳುವಾದರೆ ಹಣ ಉಳಿದು ಕಾರು ಕೆಡುತ್ತದೆ.

ಎಚ್ಚರಿಕೆ

ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಡುವುದುಂಟು. ಹತ್ತಿರ ಬೀಡಿ, ಬೆಂಕಿಕಡ್ಡಿ ಸರ್ವಥಾ ಸಲ್ಲದು. ಒಳಗಿರುವುದು ಗಂಧಕಾಮ್ಲ, ಕಣ್ಣಿಗೆ ಕನ್ನಡಕವಿರಲಿ, ಕೈಯ ಉಂಗುರ, ಲೋಹದ ಗಡಿಯಾರಗಳನ್ನು ಕಳಚಿಡಿ. ಬೀಗದಕೈಯನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯದೆ, ನಡುವೆ ಸ್ಟಾರ್ಟರ್ ತಣಿಯಲು ಬಿಡಿ. ಇಂದಿನ ಕಾರುಗಳಲ್ಲಿ ಕಂಪ್ಯೂಟರ್ ಇರುವುದರಿಂದ ಬ್ಯಾಟರಿ ಕಳಚುವ ಮುನ್ನ ಕೈಪಿಡಿ ನೋಡುವುದು ಒಳಿತು. ಹೈಬ್ರಿಡ್, ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್‌ಗಳಲ್ಲಿ ಪ್ರಾಣಾಪಾಯಕರವಾದ ವೋಲ್ಟೇಜ್ ಇರುತ್ತದೆ, ಅವನ್ನು ಮುಟ್ಟಲೇಬಾರದು.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ವರ್ಷಕ್ಕೊಮ್ಮೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಕು. ಗ್ಯಾರೇಜಿನವರು ದೊಡ್ಡ ಬಿಡಿಭಾಗ ಬದಲಿಸಬೇಕೆಂದಾಗ "ಕೇಬಲ್‌ಗಳನ್ನು ಮೀಟರಿನಿಂದ ನೋಡಿದಿರಾ?" ಎಂದು ಒಂದು ಮಾತು ಕೇಳಿ. ಊರಿನಿಂದ ದೂರ ಬಂದು ನೆಲೆಸಿದ ನಮ್ಮಲ್ಲಿ ಅನೇಕರ ಮನೆಯಲ್ಲಿ ವಯಸ್ಸಾದ ತಂದೆತಾಯಿಗಳಿದ್ದಾರೆ. ಅವರಿಗೆ ಬೇಕಾದ ಔಷಧಗಳನ್ನು ನಾವು ಮರೆಯದೆ ತಂದಿಡುತ್ತೇವೆ. ಅವರನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಒಯ್ಯಬೇಕಾದ ಕಾರಿನ ಈ ಸಣ್ಣ ಪಟ್ಟಿಯನ್ನೂ ಮರೆಯದಿರೋಣ.