ಬಿಲ್ ಬಿಸಾಕ್ಬೇಡಿ!

ಕಳೆದ ಸೆಮಿಸ್ಟರ್‌ನಲ್ಲಿ ನಾವು ಮೂವರು ರೂಮ್‌ಮೇಟ್‌ಗಳು ದುಡ್ಡು ಸೇರಿಸಿ ಒಂದು ಟೇಬಲ್ ಫ್ಯಾನ್ ತಗೊಂಡ್ವಿ. ನಾಲ್ಕೇ ದಿನಕ್ಕೆ ಮೋಟರ್ ನಿಂತುಹೋಯ್ತು. ಅಂಗಡಿಯವರು ಬಿಲ್ಲಿನ ಕೆಳಗಿನ ಸಾಲು ತೋರಿಸಿದರು: ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ.’ ಜಗಳ ಆಡಿ ಬರಿಗೈಲಿ ಬಂದ್ವಿ.

ಆಮೇಲೆ ಗೊತ್ತಾಯ್ತು, ಆ ಸಾಲೇ ಕೊನೆ ಮಾತಲ್ಲ. ಬಿಲ್ಲಿನಲ್ಲಿ ಅವಧಿ ಹೇಳದಿದ್ದರೆ, ಕೆಟ್ಟ ವಸ್ತುವನ್ನು 30 ದಿನದೊಳಗೆ ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪು. ಬಿಲ್ ಕೊಡದಿರುವುದೂ ತಪ್ಪೇ.

ಹಾಗಾಗಿ ದೂರನ್ನು ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಲ್ಯಾಬ್ ರೆಕಾರ್ಡ್ ಥರ ಬರೆಯಿರಿ. ಕೊಂಡ ದಿನಾಂಕ, ಬಿಲ್ ನಂಬರ್, ಏನು ದೋಷ, ಹೊಸದು ಬೇಕೋ ಹಣ ಬೇಕೋ, ಯಾವ ದಿನದೊಳಗೆ. ಬಿಲ್ ಫೋಟೊ, ವಿಡಿಯೊ ಸೇರಿಸಿ. ಬೈಗುಳ ಬೇಡ. ಆನ್‌ಲೈನ್ ಖರೀದಿಯಾದರೆ ಕಂಪನಿಯ ಗ್ರೀವೆನ್ಸ್ ಆಫೀಸರ್ 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಲೇಬೇಕು.

ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ. ಅದಕ್ಕೂ ಬಗ್ಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ.

ನಮಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಆರು ಸಾಲಿನ ಪತ್ರ ಕೊಟ್ಟ ಐದನೇ ದಿನ ಹೊಸ ಫ್ಯಾನ್ ಬಂತು. ಅದರ ಬಿಲ್ ಈಗ ನಮ್ಮ ಕಪಾಟಿನ ಬಾಗಿಲ ಮೇಲಿದೆ, ಟೈಮ್‌ಟೇಬಲ್ ಪಕ್ಕದಲ್ಲೇ.